ಬೋರ್ಡಿನ ಮೇಲಿನ ರೇಟು ಬೇರೆ, ನಾವು ಕಟ್ಟುವ ದುಡ್ಡು ಬೇರೆ: ಅಮೆರಿಕದ ಕಾಲೇಜುಗಳ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಬಗ್ಗೆ

ಅಮೆರಿಕದ ಖಾಸಗಿ ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿ ಖರ್ಚಿನ ಪುಟ ತೆಗೆದರೆ ಎದೆ ಧಸಕ್ ಅನ್ನುತ್ತದೆ. ಟ್ಯೂಷನ್ (ಅಂದರೆ ಕಾಲೇಜಿನ ಪಾಠದ ಫೀ), ಡಾರ್ಮ್ (ಹಾಸ್ಟೆಲ್), ಊಟ, ಪುಸ್ತಕ, ಓಡಾಟ ಎಲ್ಲ ಸೇರಿಸಿ ವರ್ಷಕ್ಕೆ 90,000 ಡಾಲರ್ ದಾಟಿದ ಕಾಲೇಜುಗಳು ಈಗ ಎಷ್ಟೋ ಇವೆ. ನಾಲ್ಕು ವರ್ಷಕ್ಕೆ ಗುಣಿಸಿ ನೋಡಿದವರು ಲ್ಯಾಪ್‌ಟಾಪ್ ಮುಚ್ಚಿ, "ಇದು ನಮ್ಮಂಥವರಿಗಲ್ಲ, ಸ್ಟೇಟ್ ಯೂನಿವರ್ಸಿಟಿಗೇ ಹಾಕಿಸೋಣ" ಅಂತ ಅಲ್ಲೇ ತೀರ್ಮಾನ ಮಾಡಿಬಿಡುತ್ತಾರೆ. ನನ್ನ ಪರಿಚಯದ ಕನ್ನಡದ ಮನೆಗಳಲ್ಲೇ ಇದು ಎಷ್ಟು ಸಲ ಆಗಿದೆಯೋ! ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಪುಟದ ಪಕ್ಕದಲ್ಲೇ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಲಿಂಕ್ ಇರುತ್ತದೆ. ಅದರ ಹೆಸರು ನೆಟ್ ಪ್ರೈಸ್ ಕ್ಯಾಲ್ಕುಲೇಟರ್. ಬಿಟ್ಟಿ. ಲಾಗಿನ್ ಕೂಡ ಹೆಚ್ಚಿನ ಕಡೆ ಬೇಕಿಲ್ಲ. ನಿಮ್ಮ ಮನೆಯ ಆದಾಯ, ಉಳಿತಾಯ ಹಾಕಿದರೆ ನಿಮ್ಮ ಮಗುವಿಗೆ ಆ ಕಾಲೇಜು ನಿಜವಾಗಿ ಎಷ್ಟಕ್ಕೆ ಬೀಳುತ್ತದೆ ಅಂತ ಒಂದು ಅಂದಾಜು ಕೊಡುತ್ತದೆ. ಮಗಳ ಕಾಲೇಜು ಹುಡುಕಾಟದಲ್ಲಿ ನಾವು ಇಂಥವನ್ನು ಸಾಕಷ್ಟು ಬಳಸಿದೆವು. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಆದರೆ ಎಲ್ಲ ಕ್ಯಾಲ್ಕುಲೇಟರೂ ಒಂದೇ ಥರ ಇಲ್ಲ, ಕೆಲವು ಪೂರ್ತಿ ದಾರಿ ತಪ್ಪಿಸುತ್ತವೆ. ಯಾವುದನ್ನು ನಂಬಬೇಕು, ಎಷ್ಟು ನಂಬಬೇಕು ಅನ್ನುವುದೇ ಇಲ್ಲಿ ಮುಖ್ಯ.

ಮೊದಲು ಒಂದು ಮಾತು. ಬೋರ್ಡಿನ ಮೇಲಿರುವ ರೇಟನ್ನು ಪೂರ್ತಿ ಕಟ್ಟುವವರು ಕಡಿಮೆ. ಎಸ್‌ಎಟಿ ಪ್ರವೇಶ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯ ಲೆಕ್ಕದ ಪ್ರಕಾರ 2024-25ರಲ್ಲಿ ಲಾಭರಹಿತ ಖಾಸಗಿ ಕಾಲೇಜುಗಳ ಸರಾಸರಿ ಟ್ಯೂಷನ್ ಮತ್ತು ಫೀ 43,350 ಡಾಲರ್. ಗ್ರಾಂಟು, ಸ್ಕಾಲರ್‌ಶಿಪ್ ಎಲ್ಲ ಕಳೆದ ಮೇಲೆ ಮೊದಲ ವರ್ಷದ ವಿದ್ಯಾರ್ಥಿಗೆ ಸರಾಸರಿ ಬಿದ್ದದ್ದು ಸುಮಾರು 16,510 ಡಾಲರ್. ಡಾರ್ಮು, ಊಟ ಇದರಲ್ಲಿ ಸೇರಿಲ್ಲ, ನಿಜ. ಆದರೂ ವ್ಯತ್ಯಾಸ ನೋಡಿ. ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಟ್ಯೂಷನ್‌ನಲ್ಲಿ ಸರಾಸರಿ ಶೇ 56ರ ಆಸುಪಾಸು ಬಿಟ್ಟುಕೊಡುತ್ತಿವೆ. ನಿಮಗೆ ಎಷ್ಟು ಬಿಡುತ್ತಾರೆ ಅನ್ನುವುದು ಮಾತ್ರ ಕಾಲೇಜಿನಿಂದ ಕಾಲೇಜಿಗೆ ಬೇರೆ. ಒಂದೇ ಮನೆಯ ಒಂದೇ ಮಗುವಿಗೆ ಒಂದು ಕಾಲೇಜು 20,000ಕ್ಕೆ ಬೀಳಬಹುದು, ಅದೇ ಬೋರ್ಡ್ ರೇಟಿನ ಇನ್ನೊಂದು 60,000ಕ್ಕೆ.

ಈ ಕ್ಯಾಲ್ಕುಲೇಟರ್ ಕಾಲೇಜಿನವರು ಪ್ರೀತಿಯಿಂದ ಕೊಟ್ಟಿದ್ದಲ್ಲ. 2008ರಲ್ಲಿ ಬಂದ ಉನ್ನತ ಶಿಕ್ಷಣದ ಕಾನೂನು ಇದನ್ನು ಕಡ್ಡಾಯ ಮಾಡಿತು. ಸರ್ಕಾರದ ವಿದ್ಯಾರ್ಥಿ ನೆರವಿನ ದುಡ್ಡು ಪಡೆಯುವ ಕಾಲೇಜುಗಳು 2011ರ ಅಕ್ಟೋಬರ್ ಒಳಗೆ ತಮ್ಮ ವೆಬ್‌ಸೈಟಿನಲ್ಲಿ ಹಾಕಲೇಬೇಕಾಯಿತು. ಕಡ್ಡಾಯಕ್ಕೆ ಹಾಕಿದ್ದು ಅನ್ನುವುದು ಕೆಲವು ಕಡೆ ಎದ್ದು ಕಾಣುತ್ತದೆ. ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ, ಮೆನುವಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಸುಮ್ನೆ ಒದ್ದಾಡಬೇಡಿ, ಗೂಗಲ್‌ನಲ್ಲಿ ಕಾಲೇಜಿನ ಹೆಸರಿನ ಜೊತೆ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಅಂತ ಹಾಕಿ.

ಇವುಗಳಲ್ಲಿ ಎರಡು ಜಾತಿ ಇವೆ. ಒಂದು, ಶಿಕ್ಷಣ ಇಲಾಖೆ ಕೊಟ್ಟ ಸಿದ್ಧ ಮಾದರಿಯನ್ನೇ ಹಾಕಿಕೊಂಡಿರುವಂಥದ್ದು. ವಯಸ್ಸು, ಮನೆಯಲ್ಲಿ ಎಷ್ಟು ಜನ, ಆದಾಯ ಯಾವ ಮಟ್ಟದಲ್ಲಿದೆ ಅಂತ ನಾಲ್ಕಾರು ಪ್ರಶ್ನೆ ಕೇಳಿ ಒಂದು ಮೊತ್ತ ಮುಂದಿಡುತ್ತದೆ. ಅದು ನಿಮ್ಮ ಲೆಕ್ಕವೇ ಅಲ್ಲ. ಹಿಂದಿನ ಯಾವುದೋ ವರ್ಷದಲ್ಲಿ ನಿಮ್ಮಂಥ ಆದಾಯದವರಿಗೆ ಸಿಕ್ಕ ನೆರವಿನ ಮಧ್ಯದ ಮೊತ್ತ, ಅಷ್ಟೇ. ಬ್ಯಾಂಕಿನಲ್ಲಿ ನಿಮಗೆ ಎಷ್ಟಿದೆ, ಸ್ವಂತ ಮನೆ ಇದೆಯಾ, ಮಗುವಿನ ಮಾರ್ಕ್ಸ್ ಎಷ್ಟು, ಏನೂ ಅದಕ್ಕೆ ಗೊತ್ತಿಲ್ಲ. ಎರಡು ನಿಮಿಷದಲ್ಲಿ ಉತ್ತರ ಕೊಟ್ಟರೆ ಅದು ಈ ಜಾತಿಯದ್ದು ಅಂತ ತಿಳಿಯಿರಿ. ಇಂಥದ್ದಕ್ಕೆ ನಾನು ಐದರಲ್ಲಿ ಎರಡು ಸ್ಟಾರ್‌ಗಿಂತ ಜಾಸ್ತಿ ಕೊಡುವುದಿಲ್ಲ.

ಇನ್ನೊಂದು, ಕಾಲೇಜು ತನ್ನದೇ ನಿಯಮಗಳನ್ನು ತುಂಬಿ ಮಾಡಿಸಿದ ದೊಡ್ಡ ಕ್ಯಾಲ್ಕುಲೇಟರ್. ಇದು ಅರ್ಧ ಗಂಟೆ ತಿನ್ನುತ್ತದೆ. ಟ್ಯಾಕ್ಸ್ ರಿಟರ್ನ್, ಡಬ್ಲ್ಯೂ-2 (ಕಂಪನಿ ಕೊಡುವ ವರ್ಷದ ಸಂಬಳದ ಫಾರ್ಮು), ಬ್ಯಾಂಕ್ ಮತ್ತು ಷೇರು ಖಾತೆಗಳ ಸ್ಟೇಟ್‌ಮೆಂಟು, ಮನೆಯ ಇವತ್ತಿನ ಬೆಲೆ, ಮನೆ ಸಾಲ ಎಷ್ಟು ಬಾಕಿ, ಇವೆಲ್ಲ ಕೈಯಲ್ಲಿ ಹಿಡಿದುಕೊಂಡು ಕೂರಬೇಕು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೂತರೆ ಒಳ್ಳೆಯದು, ಯಾಕೆಂದರೆ ಒಬ್ಬರಿಗೆ ಗೊತ್ತಿಲ್ಲದ ಖಾತೆ ಇನ್ನೊಬ್ಬರ ಹತ್ತಿರ ಇದ್ದೇ ಇರುತ್ತದೆ. ಅಂದಾಜಿನ ಮೇಲೆ ತುಂಬಿದರೆ ಬರುವ ಉತ್ತರವೂ ಅಂದಾಜೇ. ಸರಿಯಾಗಿ ತುಂಬಿದಾಗ ನಮಗೆ ಬಂದ ಮೊತ್ತ, ಆಮೇಲೆ ಕಾಲೇಜು ಕೊಟ್ಟ ಆಫರಿಗೆ ಬಹಳ ಹತ್ತಿರ ಇತ್ತು. ಇದಕ್ಕೆ ಐದಕ್ಕೆ ನಾಲ್ಕೂವರೆ ಸ್ಟಾರ್.

ಈ ದೊಡ್ಡ ಕ್ಯಾಲ್ಕುಲೇಟರ್‌ನ ನಿಜವಾದ ಉಪಯೋಗ ಕೊನೆಗೆ ಬರುವ ಮೊತ್ತ ಮಾತ್ರ ಅಲ್ಲ. ನಿಮ್ಮ ಯಾವ ದುಡ್ಡನ್ನು ಕಾಲೇಜು ಹೇಗೆ ನೋಡುತ್ತದೆ ಅನ್ನುವುದನ್ನು ಇದು ಕಲಿಸುತ್ತದೆ. ಒಂದೊಂದೇ ಅಂಕಿ ಬದಲಾಯಿಸಿ ನೋಡಿ, ಗೊತ್ತಾಗುತ್ತದೆ. 401(ಕೆ)ಯಂಥ ನಿವೃತ್ತಿ ಖಾತೆಯಲ್ಲಿ ಎಷ್ಟಿದ್ದರೂ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದೇ ದುಡ್ಡು ಸೇವಿಂಗ್ಸ್ ಖಾತೆಯಲ್ಲಿದ್ದರೆ ಹಿಡಿಯುತ್ತಾರೆ. ಸರ್ಕಾರದ ನೆರವಿಗೆ ಅರ್ಜಿ ಹಾಕುವ ಫಾಫ್ಸಾ ಫಾರ್ಮಿನ ಲೆಕ್ಕದಲ್ಲಿ ಅಪ್ಪ ಅಮ್ಮನ ಉಳಿತಾಯದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಶೇ 5.64ರಷ್ಟನ್ನು ಕಾಲೇಜಿಗೆ ಕೊಡಬಲ್ಲಿರಿ ಅಂತ ಎಣಿಸುತ್ತಾರೆ. ಮಗುವಿನ ಹೆಸರಿನಲ್ಲಿ ಇದ್ದರೆ ಶೇ 20! ಮಗು ಹುಟ್ಟಿದಾಗ ಅಜ್ಜ ಅಜ್ಜಿ ಕೊಟ್ಟ ದುಡ್ಡನ್ನು ಎಷ್ಟೋ ಜನ ಮಗುವಿನದೇ ಹೆಸರಿನ ಯುಟಿಎಂಎ ಖಾತೆಯಲ್ಲಿ ಹಾಕಿಟ್ಟಿರುತ್ತಾರೆ, ಅದು ಈ ಶೇ 20ರ ಬಾಯಿಗೆ ಬೀಳುತ್ತದೆ. ಕಾಲೇಜಿಗಾಗಿ ಕೂಡಿಡುವ ಅಪ್ಪ ಅಮ್ಮನ 529 ಖಾತೆಯಲ್ಲಿ ಇದ್ದಿದ್ದರೆ ದೊಡ್ಡವರ ಲೆಕ್ಕದಲ್ಲೇ ಉಳಿಯುತ್ತಿತ್ತು.

ಮನೆಯ ವಿಷಯ ಇನ್ನೂ ದೊಡ್ಡದು. ಫಾಫ್ಸಾ ನೀವು ವಾಸ ಮಾಡುವ ಮನೆಯ ಬೆಲೆ ಕೇಳುವುದೇ ಇಲ್ಲ. ಆದರೆ ದುಬಾರಿ ಖಾಸಗಿ ಕಾಲೇಜುಗಳಲ್ಲಿ ಹೆಚ್ಚಿನವು ಫಾಫ್ಸಾ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಅನ್ನುವ ಇನ್ನೊಂದು ಫಾರ್ಮನ್ನೂ ಕೇಳುತ್ತವೆ, ಅದು ಕೇಳುತ್ತದೆ. ಮನೆಯ ಬೆಲೆಯಿಂದ ಸಾಲ ಕಳೆದು ಉಳಿದದ್ದನ್ನು ಕೆಲವು ಕಾಲೇಜು ಪೂರ್ತಿ ಹಿಡಿಯುತ್ತವೆ, ಕೆಲವು ನಿಮ್ಮ ಆದಾಯಕ್ಕೆ ತಕ್ಕಂತೆ ಒಂದು ಮಿತಿ ಹಾಕುತ್ತವೆ, ಕೆಲವು ಬಿಟ್ಟೇಬಿಡುತ್ತವೆ. ಪೆನ್ಸಿಲ್ವೇನಿಯಾ ಯೂನಿವರ್ಸಿಟಿ 2024ರ ನವೆಂಬರ್‌ನಲ್ಲಿ ಇನ್ನು ಮುಂದೆ ವಾಸದ ಮನೆಯ ಬೆಲೆ ನೋಡುವುದಿಲ್ಲ ಅಂತ ಹೇಳಿತು. ಹದಿನೈದು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಮನೆ ತಗೊಂಡವರಿಗೆ ಈ ಒಂದು ನಿಯಮದಿಂದಲೇ ಸಾವಿರಾರು ಡಾಲರ್ ಆಚೀಚೆ ಆಗುತ್ತದೆ. ಎರಡು ಕಾಲೇಜುಗಳ ಕ್ಯಾಲ್ಕುಲೇಟರ್‌ನಲ್ಲಿ ಒಂದೇ ಅಂಕಿ ಹಾಕಿ ಉತ್ತರ ಬೇರೆ ಬೇರೆ ಬಂದರೆ ಮೊದಲು ಇಲ್ಲೇ ನೋಡಿ.

ಇನ್ನು ನಮ್ಮವರು ಕೇಳುವ ಪ್ರಶ್ನೆ: ಊರಲ್ಲಿರುವ ಸೈಟು, ಫ್ಲಾಟು, ಬ್ಯಾಂಕಿನ ಎಫ್‌ಡಿ ತೋರಿಸಬೇಕಾ? ತೋರಿಸಬೇಕು. ನಿಮ್ಮ ಹೆಸರಿನಲ್ಲಿದ್ದರೆ ಅದು ಎಲ್ಲಿದ್ದರೂ ಆಸ್ತಿಯೇ. ಅಪ್ಪನ ಹೆಸರಿನಲ್ಲಿದ್ದು ಮುಂದೆ ನಿಮಗೆ ಬರಬಹುದು ಅನ್ನುವುದನ್ನು ಹಾಕಬೇಕಿಲ್ಲ. ಮುಚ್ಚಿಟ್ಟು ಲೆಕ್ಕ ಹಾಕಿದರೆ ಕ್ಯಾಲ್ಕುಲೇಟರ್ ಚೆಂದದ ಮೊತ್ತ ಕೊಡುತ್ತದೆ, ಆದರೆ ಅದನ್ನು ನಂಬಿ ಮುಂದೆ ಹೋಗುವವರು ನೀವೇ ತಾನೇ? ಸಹಿ ಹಾಕಿ ಕಳಿಸುವ ನಿಜವಾದ ಫಾರ್ಮಿನಲ್ಲಿ ಸುಳ್ಳು ಬರೆದರೆ ಮಗುವಿನ ಸೀಟಿಗೇ ಕುತ್ತು.

ಈಗ ಉತ್ತರದ ಪುಟಕ್ಕೆ ಬರೋಣ, ಜನ ಹೆಚ್ಚು ಎಡವುವುದು ಇಲ್ಲೇ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮೊತ್ತ ಇರುತ್ತದೆ. ಅದನ್ನು ಹಾಗೇ ಬರೆದುಕೊಳ್ಳಬೇಡಿ, ಅದರ ಮೇಲಿನ ಸಾಲುಗಳನ್ನು ಓದಿ. ನೆಟ್ ಪ್ರೈಸ್ ಅಂದರೆ ಒಟ್ಟು ಖರ್ಚಿನಿಂದ ಗ್ರಾಂಟು, ಸ್ಕಾಲರ್‌ಶಿಪ್ ಕಳೆದರೆ ಉಳಿಯುವುದು, ಅಂದರೆ ವಾಪಸ್ ಕೊಡಬೇಕಿಲ್ಲದ ದುಡ್ಡು ಮಾತ್ರ ಕಳೆಯಬೇಕು. ಆದರೆ ಕೆಲವು ಕಡೆ ಇನ್ನೂ ಕೆಳಗೆ ಹೋಗಿ ವಿದ್ಯಾರ್ಥಿಯ ಲೋನು ಮತ್ತು ಕ್ಯಾಂಪಸ್ ಕೆಲಸದ ಸಂಬಳವನ್ನೂ ಕಳೆದು, ಇನ್ನೊಂದು ಚಿಕ್ಕ ಮೊತ್ತ ತೋರಿಸುತ್ತಾರೆ. ಉದಾಹರಣೆಗೆ ಒಟ್ಟು ಖರ್ಚು 92,000, ಗ್ರಾಂಟು 55,000 ಅಂದುಕೊಳ್ಳಿ. ನಿಮ್ಮ ನಿಜವಾದ ಲೆಕ್ಕ 37,000. ಅದರಿಂದ 5,500 ಲೋನು, 3,000 ಕೆಲಸದ ಸಂಬಳ ಕಳೆದು 28,500 ಅಂತ ದಪ್ಪಗೆ ಬರೆದರೆ ನೋಡಲು ಹಗುರ ಅನ್ನಿಸುತ್ತದೆ. ಸಾಲ ತೀರಿಸುವವರು ಯಾರು? ಕೆಲಸದ ಸಂಬಳವೂ ಸೆಮಿಸ್ಟರ್ ಮೊದಲೇ ಬಿಲ್ಲಿಗೆ ಜಮಾ ಆಗುವುದಿಲ್ಲ, ಮಗು ದುಡಿದ ಹಾಗೆ ಕೈಗೆ ಬರುವುದು.

ಕ್ಯಾಲ್ಕುಲೇಟರ್ ಮಾತ್ರ ಅಲ್ಲ, ಅಡ್ಮಿಷನ್ ಆದ ಮೇಲೆ ಬರುವ ಆಫರ್ ಪತ್ರಗಳದ್ದೂ ಇದೇ ಕಥೆ. 2018ರಲ್ಲಿ ನ್ಯೂ ಅಮೆರಿಕಾ ಎಂಬ ಸಂಸ್ಥೆ ಇಂಥ ಪತ್ರಗಳನ್ನು ಪರಿಶೀಲಿಸಿದಾಗ, ಒಂದೇ ಸರ್ಕಾರಿ ಸಾಲವನ್ನು ಕಾಲೇಜುಗಳು 136 ಬೇರೆ ಬೇರೆ ಹೆಸರುಗಳಲ್ಲಿ ಬರೆದಿದ್ದವು. ಅದರಲ್ಲಿ 24 ಹೆಸರುಗಳಲ್ಲಿ ಲೋನ್ ಅನ್ನುವ ಪದವೇ ಇರಲಿಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿಯ 2022ರ ವರದಿಯಂತೂ, ಸುಮಾರು ಶೇ 91 ಕಾಲೇಜುಗಳ ಪತ್ರದಲ್ಲಿ ನೆಟ್ ಪ್ರೈಸ್ ಹೇಳಿಯೇ ಇಲ್ಲ, ಇಲ್ಲವೇ ನಿಜಕ್ಕಿಂತ ಕಡಿಮೆ ತೋರಿಸಿದ್ದಾರೆ ಅಂತ ಹೇಳಿತು. ಇದು ನನಗೆ ನಿಜಕ್ಕೂ ಕೋಪ ತರಿಸುವ ವಿಷಯ. ಹದಿನೇಳು ವರ್ಷದ ಮಗುವಿನ ಕೈಗೆ ಕೊಡುವ ಕಾಗದದಲ್ಲಿ ಸಾಲವನ್ನು ಸಾಲ ಅಂತ ಬರೆಯಬೇಕು. ಆದ್ದರಿಂದ ಒಂದು ಹಾಳೆ ತಗೊಂಡು, ಗ್ರಾಂಟನ್ನು ಮಾತ್ರ ಕಳೆದು, ನಿಮ್ಮದೇ ಕೈಯಲ್ಲಿ ಲೆಕ್ಕ ಬರೆದುಕೊಳ್ಳಿ. ಪ್ರತಿ ಕಾಲೇಜಿಗೂ.

ಆ ಪುಟದ ಅಡಿಯಲ್ಲಿ ಯಾವ ವರ್ಷದ ಅಂಕಿ ಅಂತ ಬರೆದಿರುತ್ತದೆ, ಅದನ್ನೂ ನೋಡಿ. ಎರಡು ಮೂರು ವರ್ಷ ಹಳೆಯದಾಗಿದ್ದರೆ ಇವತ್ತಿನ ಫೀ ಹಾಕಿ ಸರಿಪಡಿಸಿಕೊಳ್ಳಬೇಕು. ಹಾಗೇ ಇದು ಒಂದು ವರ್ಷದ ಲೆಕ್ಕ. ಫೀ ವರ್ಷ ವರ್ಷ ಏರುತ್ತದೆ. ಸ್ಕಾಲರ್‌ಶಿಪ್ ಮೊತ್ತ ಏರುತ್ತದಾ, ಇಲ್ಲಾ ಮೊದಲ ವರ್ಷ ಹೇಳಿದಷ್ಟಕ್ಕೇ ನಿಲ್ಲುತ್ತದಾ ಅಂತ ಕೇಳಿ ತಿಳಿದುಕೊಳ್ಳಿ. ನಿಂತರೆ ಏರಿದ್ದೆಲ್ಲ ನಿಮ್ಮ ತಲೆ ಮೇಲೆ. ಹೆಲ್ತ್ ಇನ್ಶೂರೆನ್ಸ್, ರಜೆಗೆ ಮನೆಗೆ ಬಂದು ಹೋಗುವ ವಿಮಾನ ಇವನ್ನು ಕ್ಯಾಲ್ಕುಲೇಟರ್ ಸೇರಿಸಿದೆಯಾ ಅನ್ನುವುದನ್ನೂ ಗಮನಿಸಿ.

ಇಷ್ಟೆಲ್ಲ ತುಂಬುವ ಮೊದಲು ಒಂದು ಅಂದಾಜು ಸಾಕು ಅನ್ನುವವರಿಗೆ ಮೈ ಇನ್‌ಟ್ಯೂಷನ್ ಅಂತ ಒಂದು ಚಿಕ್ಕ ಕ್ಯಾಲ್ಕುಲೇಟರ್ ಇದೆ. ವೆಲ್ಸ್‌ಲಿ ಕಾಲೇಜಿನ ಅರ್ಥಶಾಸ್ತ್ರದ ಪ್ರೊಫೆಸರ್ ಫಿಲಿಪ್ ಲೆವಿನ್ 2013ರಲ್ಲಿ ತಮ್ಮ ಕಾಲೇಜಿಗಾಗಿ ಶುರು ಮಾಡಿದ್ದು, ಆಮೇಲೆ ಹತ್ತಾರು ಕಾಲೇಜುಗಳು ಸೇರಿಕೊಂಡವು. ಪ್ರಶ್ನೆ ಕಡಿಮೆ, ಕೆಲವೇ ನಿಮಿಷದ ಕೆಲಸ. ಇದು ನನಗೆ ಇಷ್ಟವಾದದ್ದು ಯಾಕೆಂದರೆ ಇದು ಒಂದೇ ಮೊತ್ತ ಹೇಳಿ ಗಟ್ಟಿ ಅಂತ ನಂಬಿಸುವುದಿಲ್ಲ. ಕಡಿಮೆ ಅಂದರೆ ಇಷ್ಟು, ಜಾಸ್ತಿ ಅಂದರೆ ಇಷ್ಟು, ಬಹುಶಃ ಇಷ್ಟು, ಅಂತ ಮೂರು ಕೊಡುತ್ತದೆ. ಪಟ್ಟಿಯಲ್ಲಿ ನಿಮ್ಮ ಕಾಲೇಜು ಇದ್ದರೆ ಇದರಿಂದ ಶುರು ಮಾಡಿ.

ಸರ್ಕಾರವೇ ನಡೆಸುವ ಕಾಲೇಜ್ ಸ್ಕೋರ್‌ಕಾರ್ಡ್ ಅನ್ನುವ ವೆಬ್‌ಸೈಟ್ ಕೂಡ ಇದೆ, 2013ರಿಂದ. ಡಿಗ್ರಿ ಮುಗಿಸಿದವರ ಸಂಬಳ, ಸಾಲ ಎಷ್ಟು ಅಂತ ನೋಡಲು ತುಂಬಾ ಒಳ್ಳೆಯದು. ಆದರೆ ಖರ್ಚಿನ ಲೆಕ್ಕಕ್ಕೆ ನಮ್ಮ ಮನೆಗಳಿಗೆ ಆಗಿಬರುವುದಿಲ್ಲ. ಆದಾಯಕ್ಕೆ ತಕ್ಕ ಹಾಗೆ ಐದು ಗುಂಪು ಮಾಡಿದ್ದಾರೆ, ಕೊನೆಯ ಗುಂಪು 1,10,000 ಡಾಲರ್‌ಗಿಂತ ಮೇಲೆ. 1,15,000 ದುಡಿಯುವವರೂ ಅದರಲ್ಲೇ, 4,00,000 ದುಡಿಯುವವರೂ ಅದರಲ್ಲೇ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಈ ಸರಾಸರಿಯಿಂದ ಏನು ಗೊತ್ತಾಗುತ್ತದೆ? ಮೇಲಾಗಿ ಸರ್ಕಾರದ ನೆರವು ಏನಾದರೂ ಪಡೆದವರನ್ನು ಮಾತ್ರ ಆ ಸರಾಸರಿಯಲ್ಲಿ ಎಣಿಸುತ್ತಾರೆ, ಪೂರ್ತಿ ದುಡ್ಡು ಕಟ್ಟಿದವರು ಅದರಲ್ಲಿ ಇರುವುದೇ ಇಲ್ಲ.

ಈಗ ಸಂತೋಷದ ವಿಷಯ. ತುಂಬಾ ಶ್ರೀಮಂತ ಯೂನಿವರ್ಸಿಟಿಗಳು ಈಚಿನ ವರ್ಷಗಳಲ್ಲಿ ನೆರವಿನ ಮಿತಿಯನ್ನು ಬಹಳ ಮೇಲಕ್ಕೆ ತಂದಿವೆ. ಎಂಐಟಿ ಮತ್ತು ಹಾರ್ವರ್ಡ್ 2025ರಿಂದ 2,00,000 ಡಾಲರ್ ಒಳಗಿನ ಆದಾಯದ ಮನೆಗಳಿಗೆ ಟ್ಯೂಷನ್ ಇಲ್ಲ ಅಂದಿವೆ, 1,00,000 ಒಳಗೆ ಇದ್ದರೆ ಡಾರ್ಮು ಊಟವೂ ಸೇರಿ ಅಪ್ಪ ಅಮ್ಮ ಏನೂ ಕಟ್ಟಬೇಕಿಲ್ಲ. ಪ್ರಿನ್ಸ್‌ಟನ್ 2025ರಲ್ಲಿ ಇನ್ನೂ ಮುಂದೆ ಹೋಗಿ, 2,50,000ದವರೆಗಿನ ಹೆಚ್ಚಿನ ಮನೆಗಳಿಗೆ ಟ್ಯೂಷನ್ ಬೇಡ, 1,50,000ದವರೆಗೆ ಏನೂ ಬೇಡ ಅಂತ ಘೋಷಿಸಿತು. ಸ್ಟ್ಯಾನ್‌ಫರ್ಡ್‌ನಲ್ಲಿ 1,50,000ದ ಒಳಗೆ ಟ್ಯೂಷನ್ ಇಲ್ಲ. ಅಂದರೆ ಮಧ್ಯಮ ಆದಾಯದ ಎಷ್ಟೋ ಮನೆಗಳಿಗೆ ಇವು ಹೊರರಾಜ್ಯದ ಸರ್ಕಾರಿ ಯೂನಿವರ್ಸಿಟಿಗಿಂತ ಅಗ್ಗ! ಆದರೆ ಇಂಥ ಘೋಷಣೆಗಳ ಕೆಳಗೆ "ಸಾಮಾನ್ಯ ಮಟ್ಟದ ಆಸ್ತಿ ಇದ್ದರೆ" ಅನ್ನುವ ಸಾಲು ಇರುತ್ತದೆ. ಬಾಡಿಗೆಗೆ ಕೊಟ್ಟ ಎರಡನೇ ಮನೆ, ಷೇರುಗಳು ಜಾಸ್ತಿ ಇದ್ದವರು ಪೇಪರಿನ ಹೆಡ್‌ಲೈನ್ ನೋಡಿ ಖುಷಿಪಡುವ ಮೊದಲು ಆ ಕಾಲೇಜಿನ ಕ್ಯಾಲ್ಕುಲೇಟರ್ ಓಡಿಸಿ ನೋಡಿ.

ಇಲ್ಲಿ ಸೀಟು ಸಿಗುವುದೇ ಕಷ್ಟ, ಅದು ಗೊತ್ತಿದ್ದದ್ದೇ. ಸೀಟು ಸಿಗುವಂಥ ಕಾಲೇಜುಗಳಲ್ಲಿ, ಆದಾಯ ಜಾಸ್ತಿ ಇದೆ ಅಂತ ನೆರವು ಸಿಗದ, ಆದರೆ ವರ್ಷಕ್ಕೆ 90,000 ಎತ್ತಿ ಕೊಡಲೂ ಆಗದ ಮನೆಗಳ ಪಾಡು ಏನು? ನಮ್ಮವರಲ್ಲಿ ಬಹಳ ಜನ ಇದೇ ಗುಂಪಿನವರು. ಇವರು ನೋಡಬೇಕಾದದ್ದು ಮೆರಿಟ್ ಸ್ಕಾಲರ್‌ಶಿಪ್. ಹಾರ್ವರ್ಡ್, ಯೇಲ್‌ನಂಥ ಹಳೆಯ ಹೆಸರುವಾಸಿಗಳ ಗುಂಪಾದ ಐವಿ ಲೀಗಿನ ಎಂಟೂ ಯೂನಿವರ್ಸಿಟಿಗಳು ಮೆರಿಟ್‌ಗೆ ದುಡ್ಡು ಕೊಡುವುದಿಲ್ಲ, ಅಲ್ಲಿ ಏನಿದ್ದರೂ ಅಗತ್ಯ ನೋಡಿಯೇ. ವ್ಯಾಂಡರ್‌ಬಿಲ್ಟ್, ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ), ಟುಲೇನ್‌ನಂಥವು ಕೊಡುತ್ತವೆ. ಯುಎಸ್‌ಸಿಯಲ್ಲಿ ಹೆಚ್ಚಿನ ಕೋರ್ಸುಗಳಿಗೆ ಮೆರಿಟ್ ದುಡ್ಡು ಬೇಕಾದರೆ ನವೆಂಬರ್ 1ಕ್ಕೆ ಮುಗಿಯುವ, ಬೇಗ ಅರ್ಜಿ ಹಾಕುವ ಅರ್ಲಿ ಆ್ಯಕ್ಷನ್‌ನಲ್ಲೇ ಅರ್ಜಿ ಹಾಕಿರಬೇಕು. ಜನವರಿವರೆಗೆ ಕಾದರೆ ಕೈ ತಪ್ಪಿತು.

ಮೆರಿಟ್ ವಿಷಯದಲ್ಲಿ ಕ್ಯಾಲ್ಕುಲೇಟರ್ ಅರ್ಧಂಬರ್ಧ. ಮಗುವಿನ ಜಿಪಿಎ (ಹೈಸ್ಕೂಲಿನ ಅಂಕಗಳ ಸರಾಸರಿ), ಎಸ್‌ಎಟಿ ಕೇಳಿದರೆ ಮೆರಿಟ್ ಲೆಕ್ಕ ಹಾಕುತ್ತಿದೆ ಅಂತ ಅರ್ಥ. ಕೇಳದಿದ್ದರೆ ಹಾಕಿಲ್ಲ. ಹಾಕದ ಕಡೆ ಕಾಮನ್ ಡೇಟಾ ಸೆಟ್ ಅನ್ನುವ ದಾಖಲೆ ಹುಡುಕಿ, ಹೆಚ್ಚಿನ ಕಾಲೇಜುಗಳು ಪ್ರತಿ ವರ್ಷ ಹಾಕುತ್ತವೆ. ಅದರಲ್ಲಿ ಎಚ್ ವಿಭಾಗಕ್ಕೆ ಹೋಗಿ. ಎಚ್2ಎ ಕೋಷ್ಟಕದಲ್ಲಿ, ಆರ್ಥಿಕ ಅಗತ್ಯ ಇಲ್ಲದಿದ್ದರೂ ಎಷ್ಟು ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಟ್ಟಿದ್ದಾರೆ, ಸರಾಸರಿ ಎಷ್ಟು ಕೊಟ್ಟಿದ್ದಾರೆ ಅಂತ ಇರುತ್ತದೆ. ಸಾವಿರ ಮಕ್ಕಳಲ್ಲಿ ಹತ್ತು ಜನಕ್ಕೆ ಕೊಡುವ ಕಾಲೇಜು, ನಾನೂರು ಜನಕ್ಕೆ ಕೊಡುವ ಕಾಲೇಜು, ಎರಡರ ಬ್ರೋಷರಿನಲ್ಲೂ "ಉದಾರ ಮೆರಿಟ್ ಸ್ಕಾಲರ್‌ಶಿಪ್" ಅಂತಲೇ ಬರೆದಿರುತ್ತದೆ. ಕೋಷ್ಟಕ ನೋಡಿದರೆ ಯಾವುದು ಏನು ಅಂತ ಗೊತ್ತಾಗಿಬಿಡುತ್ತದೆ.

ಈ ಕ್ಯಾಲ್ಕುಲೇಟರ್‌ಗಳ ಅತಿ ದೊಡ್ಡ ಕೊರತೆಗೆ ಬರುತ್ತೇನೆ. ಹೆಚ್ಚಿನವು ಅಮೆರಿಕದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ಅಂತ ಮೊದಲ ಪುಟದಲ್ಲೇ ಹೇಳುತ್ತವೆ. ಅಪ್ಪ ಅಥವಾ ಅಮ್ಮನ ಎಚ್-1ಬಿ ಕೆಲಸದ ವೀಸಾದ ಜೊತೆ ಸಿಗುವ ಎಚ್-4 ವೀಸಾದಲ್ಲಿ ಬೆಳೆದ ಮಕ್ಕಳು ಏನು ಮಾಡಬೇಕು? ಎರಡನೇ ಕ್ಲಾಸಿನಿಂದ ಇಲ್ಲೇ ಓದಿದವರು, ಗ್ರೀನ್ ಕಾರ್ಡ್ ಸಾಲಿನಲ್ಲಿ ಅಪ್ಪ ಅಮ್ಮ ವರ್ಷಗಟ್ಟಲೆ ನಿಂತವರು, ಇವರಿಗೆ ಫಾಫ್ಸಾ ಇಲ್ಲ, ಸರ್ಕಾರದ ಸಾಲವೂ ಇಲ್ಲ, ಬಹಳಷ್ಟು ಖಾಸಗಿ ಕಾಲೇಜುಗಳು ಇವರನ್ನು ವಿದೇಶಿ ವಿದ್ಯಾರ್ಥಿ ಅಂತಲೇ ಎಣಿಸುತ್ತವೆ. ಕ್ಯಾಲ್ಕುಲೇಟರ್‌ನಲ್ಲಿ ನಾಗರಿಕ ಅಂತ ಹಾಕಿ ಬಂದ ಉತ್ತರ ಇವರಿಗೆ ಅನ್ವಯಿಸುವುದಿಲ್ಲ, ದಯವಿಟ್ಟು ಅದನ್ನು ನಂಬಬೇಡಿ. ವಿದೇಶಿ ವಿದ್ಯಾರ್ಥಿಗಳ ಅರ್ಜಿಯಲ್ಲೂ ದುಡ್ಡಿನ ಅಗತ್ಯ ನೋಡದೆ ಸೀಟು ಕೊಟ್ಟು, ಪೂರ್ತಿ ನೆರವು ಕೊಡುವ ಕಾಲೇಜುಗಳು ಬೆರಳೆಣಿಕೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಈಚೆಗೆ ಡಾರ್ಟ್‌ಮತ್, ಬೌಡನ್, ಬ್ರೌನ್ ಮುಂತಾದವು. ಉಳಿದ ಕಡೆ ನೆರವು ಕೇಳಿದರೆ ಸೀಟಿನ ಅವಕಾಶವೇ ಕಡಿಮೆ ಆಗಬಹುದು. ಹಾಗಂತ ಕೇಳದೆ ಸುಮ್ಮನಿದ್ದರೆ, ಕೆಲವು ಕಡೆ ನಾಲ್ಕೂ ವರ್ಷ ಮತ್ತೆ ಕೇಳುವ ಹಾಗಿಲ್ಲ. ಇಂಥ ಮನೆಯವರು ಪ್ರತಿ ಕಾಲೇಜಿನ ನೆರವಿನ ಕಚೇರಿಗೆ ಒಂದು ಇಮೇಲ್ ಬರೆದು ಮೂರು ವಿಷಯ ಕೇಳಬೇಕು. ಎಚ್-4 ಮಗುವನ್ನು ನೀವು ಯಾವ ಗುಂಪಿಗೆ ಸೇರಿಸುತ್ತೀರಿ, ನೆರವು ಕೇಳಿದರೆ ಅಡ್ಮಿಷನ್ ಮೇಲೆ ಪರಿಣಾಮ ಇದೆಯಾ, ನಡುವೆ ಗ್ರೀನ್ ಕಾರ್ಡ್ ಬಂದರೆ ಮತ್ತೆ ಲೆಕ್ಕ ಹಾಕುತ್ತೀರಾ. ಬರಹದಲ್ಲೇ ಉತ್ತರ ತಗೊಳ್ಳಿ. ಈ ಮಕ್ಕಳಿಗಾಗಿ ಕ್ಯಾಲ್ಕುಲೇಟರ್‌ನಲ್ಲಿ ಒಂದು ಆಯ್ಕೆ ಸೇರಿಸಲು ಕಾಲೇಜಿನವರಿಗೆ ಎಷ್ಟು ಕಷ್ಟ?

ಯಾವಾಗ ಬಳಸಬೇಕು ಅನ್ನುವುದೂ ಮುಖ್ಯ. ಹನ್ನೆರಡನೇ ಕ್ಲಾಸಿನವರೆಗೆ ಕಾಯಬೇಡಿ. ನೆರವಿನ ಲೆಕ್ಕಕ್ಕೆ ಎರಡು ವರ್ಷ ಹಿಂದಿನ ಆದಾಯ ನೋಡುತ್ತಾರೆ. 2027ರ ಶರತ್ಕಾಲದಲ್ಲಿ ಕಾಲೇಜಿಗೆ ಹೋಗುವ ಮಗುವಿಗೆ 2025ರ ಟ್ಯಾಕ್ಸ್ ರಿಟರ್ನ್. ಅಂದರೆ ಮಗು ಹತ್ತನೇ ಕ್ಲಾಸಿನ ಅರ್ಧದಲ್ಲಿರುವಾಗಲೇ ಆ ವರ್ಷ ಶುರುವಾಗಿರುತ್ತದೆ. ಆ ವರ್ಷ ಕಂಪನಿ ಷೇರು ಮಾರಿದರೆ ಬಂದ ಲಾಭ ಎಲ್ಲ ಆದಾಯವಾಗಿ ಕಾಣುತ್ತದೆ. ಮಾರಲೇಬೇಕು ಅಂತಿದ್ದರೆ ಅದಕ್ಕಿಂತ ಮೊದಲೇ ಮಾರುವುದು ಒಳ್ಳೆಯದು. ಇಬ್ಬರು ಮಕ್ಕಳು ಒಟ್ಟಿಗೆ ಕಾಲೇಜಿನಲ್ಲಿದ್ದರೆ ಫಾಫ್ಸಾ ಮೊದಲು ಅಪ್ಪ ಅಮ್ಮನ ಪಾಲನ್ನು ಭಾಗ ಮಾಡುತ್ತಿತ್ತು, 2024-25ರಿಂದ ಅದು ಇಲ್ಲ. ಸಿಎಸ್‌ಎಸ್ ಬಳಸುವ ಹಲವು ಖಾಸಗಿ ಕಾಲೇಜುಗಳು ಇನ್ನೂ ಭಾಗ ಮಾಡುತ್ತವೆ, ಆದ್ದರಿಂದ ಆ ಪ್ರಶ್ನೆ ಬಂದಾಗ ಸರಿಯಾಗಿ ತುಂಬಿ.

ಅರ್ಲಿ ಡಿಸಿಷನ್ ಹಾಕುವವರಂತೂ ಕ್ಯಾಲ್ಕುಲೇಟರ್ ನೋಡದೆ ಸಹಿ ಹಾಕಲೇಬೇಡಿ. ಸೀಟು ಸಿಕ್ಕರೆ ಸೇರಲೇಬೇಕು ಅನ್ನುವ ಒಪ್ಪಂದ ಅದು. ನೆರವು ಸಾಲದಿದ್ದರೆ ಬಿಡಿಸಿಕೊಳ್ಳಬಹುದು, ನಿಯಮದಲ್ಲೇ ಇದೆ. ಆದರೆ ಬೇರೆ ಕಾಲೇಜಿನ ಆಫರ್ ಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಇರುವುದಿಲ್ಲ, ಮಗುವಿನ ಮನಸ್ಸು ಆಗಲೇ ಅಲ್ಲಿಗೆ ಹೋಗಿ ಕೂತಿರುತ್ತದೆ. ಕ್ಯಾಲ್ಕುಲೇಟರ್ ಕೊಟ್ಟ ಮೊತ್ತವನ್ನು ಮಗುವಿನ ಜೊತೆ ಕೂತು ನೋಡಿ, ಇದಕ್ಕಿಂತ ಜಾಸ್ತಿ ಆದರೆ ನಮ್ಮಿಂದ ಆಗುವುದಿಲ್ಲ ಅಂತ ಮೊದಲೇ ಬಾಯಿಬಿಟ್ಟು ಹೇಳಿ. ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ. ಏಪ್ರಿಲ್‌ನಲ್ಲಿ, ಟಿ-ಶರ್ಟ್ ಎಲ್ಲ ತಗೊಂಡ ಮೇಲೆ ಹೇಳಿದರೆ ಅವರಿಗೆ ಆಗುವ ನೋವೇ ಬೇರೆ.

ಕೊರತೆ ಬಿದ್ದಷ್ಟು ಸಾಲ ಮಾಡಿದರಾಯಿತು ಅನ್ನುವವರಿಗೆ ಒಂದು ವಿಷಯ. ವಿದ್ಯಾರ್ಥಿ ತನ್ನ ಹೆಸರಿನಲ್ಲಿ ಸರ್ಕಾರದಿಂದ ಮೊದಲ ವರ್ಷ 5,500, ಎರಡನೇ ವರ್ಷ 6,500, ಆಮೇಲೆ 7,500ರಂತೆ ನಾಲ್ಕು ವರ್ಷಕ್ಕೆ 27,000 ಡಾಲರ್ ಮಾತ್ರ ಪಡೆಯಬಹುದು. ಉಳಿದದ್ದಕ್ಕೆ ಅಪ್ಪ ಅಮ್ಮ ತಮ್ಮ ಹೆಸರಿನಲ್ಲಿ ಸರ್ಕಾರದಿಂದ ಪೇರೆಂಟ್ ಪ್ಲಸ್ ಅನ್ನುವ ಸಾಲ ಮಾಡುತ್ತಿದ್ದರು, ಅದರಲ್ಲಿ ಕಾಲೇಜಿನ ಪೂರ್ತಿ ಖರ್ಚಿನವರೆಗೂ ಸಿಗುತ್ತಿತ್ತು. 2025ರ ಜುಲೈನಲ್ಲಿ ಬಂದ ಹೊಸ ಕಾನೂನು ಅದನ್ನು ಕತ್ತರಿಸಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್, ಅಷ್ಟೇ. ನನ್ನನ್ನು ಕೇಳಿದರೆ ವಿದ್ಯಾರ್ಥಿಯ 27,000ಕ್ಕಿಂತ ಜಾಸ್ತಿ ಸಾಲ ಬೇಕಾಗುವ ಕಾಲೇಜು ಡಿಗ್ರಿಗೆ ಬೇಡ. ಐವತ್ತು ದಾಟಿದ ಅಪ್ಪ ಅಮ್ಮ ನಿವೃತ್ತಿ ಹತ್ತಿರ ಇಟ್ಟುಕೊಂಡು ಹೊಸ ಸಾಲ ಹೊರುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡು ತಗೊಂಡು ಇದನ್ನೆಲ್ಲ ಮಾಡಿಕೊಡುವ ಸಲಹೆಗಾರರೂ ಇದ್ದಾರೆ. ಒಬ್ಬರ ಹತ್ತಿರ ನಾವೂ ಮಾತಾಡಿದೆವು, ಹೆಸರು ಬೇಡ. ಮೊದಲ ಭೇಟಿಯಲ್ಲೇ, ನಿಮ್ಮ ಉಳಿತಾಯವನ್ನೆಲ್ಲ ಒಂದು ಇನ್ಶೂರೆನ್ಸ್ ಪಾಲಿಸಿಗೆ ಹಾಕಿ, ಆಗ ಕಾಲೇಜಿನವರಿಗೆ ಕಾಣುವುದಿಲ್ಲ ಅಂದರು. ನಮಗೆ ಬೇಕಾಗಿದ್ದು ಕಾಲೇಜಿನ ಲೆಕ್ಕ, ಅವರು ಮಾರುತ್ತಿದ್ದದ್ದು ಪಾಲಿಸಿ. ಅಪ್ಪ ಅಮ್ಮನ ಉಳಿತಾಯಕ್ಕೆ ಹೆಚ್ಚೆಂದರೆ ಶೇ 5.64 ತಾನೇ, ಅದನ್ನು ಉಳಿಸಲು ಇಡೀ ದುಡ್ಡನ್ನು ವರ್ಷಗಟ್ಟಲೆ ಕಟ್ಟಿಹಾಕುವುದು ಯಾವ ಲೆಕ್ಕ? ಸ್ವಂತ ವ್ಯಾಪಾರ ಇದ್ದವರು, ಬೇರೆ ಬೇರೆ ಇರುವ ಅಪ್ಪ ಅಮ್ಮ, ಇಂಥ ಸಿಕ್ಕು ಇದ್ದರೆ ಗಂಟೆ ಲೆಕ್ಕದಲ್ಲಿ ದುಡ್ಡು ಪಡೆದು, ಏನೂ ಮಾರದ ಸಲಹೆಗಾರರು ಸಿಕ್ಕರೆ ಕೇಳಿ. ಸಂಬಳದ ಮೇಲೆ ನಡೆಯುವ ಮನೆಗೆ ಬಿಟ್ಟಿ ಕ್ಯಾಲ್ಕುಲೇಟರ್ ಸಾಕು.

ಕೊನೆಯದಾಗಿ, ಬಂದ ಉತ್ತರವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಹಾಕಿದ ಅಂಕಿಗಳ ಸಮೇತ. ಮಾರ್ಚ್, ಏಪ್ರಿಲ್‌ನಲ್ಲಿ ನಿಜವಾದ ಆಫರ್ ಬಂದಾಗ ಇದನ್ನು ಪಕ್ಕದಲ್ಲಿಟ್ಟು ನೋಡಿ. ಒಂದು ಕಾಲೇಜಿನ ಆಫರ್ ಅವರದೇ ಕ್ಯಾಲ್ಕುಲೇಟರ್ ಹೇಳಿದ್ದಕ್ಕಿಂತ ತುಂಬಾ ಜಾಸ್ತಿ ಬಂದಿತ್ತು. ನಾವು ಆ ಪಿಡಿಎಫ್ ಸೇರಿಸಿ, ಎಲ್ಲಿ ವ್ಯತ್ಯಾಸ ಬಂತು ತಿಳಿಸಿ ಅಂತ ವಿನಯವಾಗಿ ಬರೆದೆವು. ಒಂದೇ ಸಲ ಬಂದ ಬೋನಸ್ಸನ್ನು ಪ್ರತಿ ವರ್ಷದ ಆದಾಯ ಅಂತ ಹಿಡಿದಿದ್ದರು. ಕಂಪನಿಯಿಂದ ಪತ್ರ ತರಿಸಿ ಕಳಿಸಿದ ಮೇಲೆ ಗ್ರಾಂಟು ಹೆಚ್ಚಿಸಿದರು. ಕೆಲಸ ಹೋಗಿದ್ದರೆ, ಆಸ್ಪತ್ರೆ ಖರ್ಚು ಬಂದಿದ್ದರೆ, ಊರಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದರೆ ಅದನ್ನೂ ದಾಖಲೆ ಸಮೇತ ಬರೆಯಿರಿ. ಇಂಥ ಕಾರಣಗಳನ್ನು ನೋಡಿ ಲೆಕ್ಕ ಬದಲಾಯಿಸುವ ಅಧಿಕಾರ ನೆರವಿನ ಕಚೇರಿಗೆ ಇದೆ, ಎಲ್ಲವನ್ನೂ ಒಪ್ಪಲೇಬೇಕು ಅಂತಿಲ್ಲ. ಹೆಚ್ಚಿನ ಕಾಲೇಜುಗಳಿಗೆ ಮೇ 1ರೊಳಗೆ ಸೇರುತ್ತೇವೋ ಇಲ್ಲವೋ ಅಂತ ಹೇಳಬೇಕು. ಅವರು ಮತ್ತೆ ಲೆಕ್ಕ ಹಾಕಲು ಒಂದೆರಡು ವಾರವಾದರೂ ತಗೊಳ್ಳುತ್ತಾರೆ, ಆದ್ದರಿಂದ ಪತ್ರ ಏಪ್ರಿಲ್ ಮೊದಲ ವಾರದಲ್ಲೇ ಹೋಗಲಿ.